ಮಕ್ಕಳ ಹಾಜರಿ ಪುಸ್ತಕ: ಇಂಗ್ಲೆಂಡಿನ ಗೃಹ ಶಿಶುಪಾಲಕರ ಲೆಕ್ಕಪತ್ರ ಪದ್ಧತಿ

ಲೆಕ್ಕ ತಪಾಸಣೆಯ ವೇಳೆ ಹಾಜರಿ ಪುಸ್ತಕವನ್ನು ತರಿಸಿ ನೋಡುವುದು ವಾಡಿಕೆ. ಅನೇಕ ಸಣ್ಣ ಘಟಕಗಳಲ್ಲಿ ಆ ಪುಸ್ತಕವು ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಲೇಖನಿಯಿಂದ, ಒಂದೇ ಕೈಬರಹದಲ್ಲಿ, ಒಂದೇ ಕೂರುವಿಕೆಯಲ್ಲಿ ತುಂಬಿದಂತೆ ಕಾಣುತ್ತದೆ. ಅದು ಬರೆದವರಿಗೂ ತಿಳಿದಿರುತ್ತದೆ, ನೋಡುವವರಿಗೂ ತಿಳಿದಿರುತ್ತದೆ. ಸಂಬಳದ ಪಟ್ಟಿಗೆ ತಾಳೆಯಾದರೆ ಸಾಕೆಂದು ಇಬ್ಬರೂ ಮುಂದಿನ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾರೆ.

ಇದಕ್ಕೆ ತೀರ ಭಿನ್ನವಾದ ಒಂದು ಹಾಜರಿ ಪುಸ್ತಕವು ಇಂಗ್ಲೆಂಡಿನ ಸಾವಿರಾರು ಸಾಧಾರಣ ಮನೆಗಳ ಮುಂಬಾಗಿಲಿನ ಪಕ್ಕದಲ್ಲಿ ಇರುತ್ತದೆ. ಆ ಮನೆಗಳಲ್ಲಿ ನಡೆಯುವುದು ಏಕವ್ಯಕ್ತಿ ಉದ್ದಿಮೆ. ಬಂಡವಾಳ ಅಲ್ಪ, ನೌಕರರು ಸಾಮಾನ್ಯವಾಗಿ ಇಲ್ಲ. ಆದರೂ ಆ ಒಂದು ಪುಸ್ತಕದ ಮೇಲೆ ಪರವಾನಗಿ, ಸರ್ಕಾರದಿಂದ ಬರುವ ಹಣ, ಪೋಷಕರಿಂದ ವಸೂಲಾಗುವ ಶುಲ್ಕ, ಆದಾಯ ತೆರಿಗೆ, ಇವೆಲ್ಲಕ್ಕಿಂತ ಮಿಗಿಲಾಗಿ ಮಗುವಿನ ಸುರಕ್ಷತೆ ನಿಂತಿದೆ. ಸಣ್ಣ ವಹಿವಾಟುಗಳ ಲೆಕ್ಕವನ್ನು ಇಡುವ, ಇಡಿಸುವ ಎಲ್ಲರಿಗೂ ಇದರ ಕ್ರಮವು ಆಸಕ್ತಿದಾಯಕವಾಗಿದೆ.

ಯಾರು ಈ ಶಿಶುಪಾಲಕರು?

ಅಲ್ಲಿ ಇವರನ್ನು 'ಚೈಲ್ಡ್‌ಮೈಂಡರ್' ಎಂದು ಕರೆಯುತ್ತಾರೆ. ಪ್ರತಿಫಲ ಪಡೆದು, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾಲ, ಎಂಟು ವರ್ಷದೊಳಗಿನ ಪರರ ಮಕ್ಕಳನ್ನು ತಮ್ಮ ಮನೆಯಲ್ಲಿ ನೋಡಿಕೊಳ್ಳುವವರು ಇವರು. ಮಗುವಿನ ಮನೆಗೇ ಹೋಗಿ ನೋಡಿಕೊಳ್ಳುವ ಆಯಾ ಈ ವರ್ಗಕ್ಕೆ ಸೇರುವುದಿಲ್ಲ. ಈ ವೃತ್ತಿಯಲ್ಲಿರುವವರಲ್ಲಿ ಬಹುಪಾಲು ಸ್ತ್ರೀಯರೇ ಆಗಿರುವುದರಿಂದ ಮುಂದೆ 'ಶಿಶುಪಾಲಕಿ' ಎಂಬ ಪದವನ್ನೇ ಬಳಸಲಾಗಿದೆ.

ಇವರನ್ನು ನೋಂದಣಿಗೆ ಒಳಪಡಿಸಿದ ಮೊದಲ ಕಾಯಿದೆ ಬ್ರಿಟನ್ನಿನಲ್ಲಿ 1948ರಲ್ಲಿ ಬಂದಿತು. ಅದೇ 1948ರಲ್ಲಿ ಭಾರತದ ಕಾರ್ಖಾನೆಗಳ ಕಾಯಿದೆಯೂ ಅಂಗೀಕಾರವಾಗಿ, ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದ ಕಾರ್ಖಾನೆಯಲ್ಲಿ ಶಿಶುಗೃಹ ಇರತಕ್ಕದ್ದೆಂದು ವಿಧಿಸಿತು. 1976ರ ತಿದ್ದುಪಡಿಯಿಂದ ಆ ಸಂಖ್ಯೆ ಮೂವತ್ತಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಒಂದು ದೇಶವು ಕಾರ್ಖಾನೆಯ ಒಳಗಿನ ತೊಟ್ಟಿಲನ್ನು ನೋಡಿತು, ಇನ್ನೊಂದು ದೇಶವು ನೆರೆಮನೆಯ ತೊಟ್ಟಿಲನ್ನು ನೋಡಿತು.

ಇಂಗ್ಲೆಂಡಿನಲ್ಲಿ ನೋಂದಣಿಯ ಅಧಿಕಾರವು ಮೊದಲು ಸ್ಥಳೀಯ ಆಡಳಿತದ ಕೈಯಲ್ಲಿತ್ತು. 2001ರಲ್ಲಿ ಅದು ಶಾಲೆಗಳನ್ನು ತಪಾಸಣೆ ಮಾಡುವ ಆಫ್‌ಸ್ಟೆಡ್ ಸಂಸ್ಥೆಗೆ ವರ್ಗವಾಯಿತು. ಈಗಿನ ಮೂಲ ಶಾಸನ 2006ರ ಚೈಲ್ಡ್‌ಕೇರ್ ಕಾಯಿದೆ. 2014ರ ಕಾಯಿದೆಯೊಂದರ ಮೂಲಕ ಖಾಸಗಿ ಏಜೆನ್ಸಿಗಳಲ್ಲಿ ನೋಂದಾಯಿಸಿಕೊಳ್ಳುವ ಅವಕಾಶವೂ ದೊರೆಯಿತು. 2010ರ ದಶಕದ ಆರಂಭದಲ್ಲಿ ಐವತ್ತು ಸಾವಿರಕ್ಕೂ ಮೇಲಿದ್ದ ಈ ಶಿಶುಪಾಲಕರ ಸಂಖ್ಯೆ 2024ರ ಹೊತ್ತಿಗೆ ಮೂವತ್ತು ಸಾವಿರಕ್ಕಿಂತ ಕೆಳಗೆ ಇಳಿದಿದೆ. ಕಾಗದಪತ್ರದ ಹೊರೆ ಹೆಚ್ಚಾಯಿತೆಂಬುದು ವೃತ್ತಿಯಲ್ಲಿರುವವರು ಹೇಳುವ ಕಾರಣಗಳಲ್ಲಿ ಒಂದು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಹಾಜರಿ ಪುಸ್ತಕವನ್ನು ಆ ಹೊರೆಯ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ಉಳಿದ ಕಾಗದಗಳನ್ನು ಹಗುರ ಮಾಡುವ ಕಾಗದ ಅದೊಂದೇ.

ಕಾನೂನು ಕೇಳುವುದು ಇಷ್ಟೆ

ಕಾನೂನಿನ ಬೇಡಿಕೆ ಅಚ್ಚರಿಯೆನಿಸುವಷ್ಟು ಚಿಕ್ಕದು. ಆ ದಿನ ಮನೆಯಲ್ಲಿದ್ದ ಮಕ್ಕಳ ಹೆಸರು, ಅವರು ಇದ್ದ ಗಂಟೆಗಳು, ಪ್ರತಿ ಮಗುವಿನ ಹೊಣೆ ಹೊತ್ತವರ ಹೆಸರು, ಇವುಗಳನ್ನು ಪ್ರತಿದಿನ ದಾಖಲಿಸಬೇಕು. ಒಬ್ಬಳೇ ಕೆಲಸ ಮಾಡುವ ಮನೆಯಲ್ಲಿ ಕೊನೆಯ ಅಂಶಕ್ಕೆ ಹೆಚ್ಚಿನ ಅರ್ಥವಿಲ್ಲ. ಸಹಾಯಕಿ ಇದ್ದಲ್ಲಿ ಮಾತ್ರ ಅದು ಮುಖ್ಯವಾಗುತ್ತದೆ. ನಮೂನೆಯನ್ನು ಸರ್ಕಾರವು ನಿಗದಿಪಡಿಸಿಲ್ಲ. ಗೆರೆ ಎಳೆದ ನೋಟ್‌ಬುಕ್ಕಾದರೂ ಆದೀತು, ಡೈರಿಯಾದರೂ ಆದೀತು, ಮೊಬೈಲ್ ತಂತ್ರಾಂಶವಾದರೂ ಆದೀತು.

ಇಲ್ಲಿ 'ಗಂಟೆಗಳು' ಎಂಬ ಪದವೇ ಮುಖ್ಯ. ನಮ್ಮ ಮಸ್ಟರ್ ರೋಲಿನಲ್ಲಿ 'ಹಾ' ಎಂದೋ 'ಗೈ' ಎಂದೋ ಬರೆದರೆ ದಿನದ ಕೆಲಸ ಮುಗಿಯಿತು. ಅಲ್ಲಿ ಹಾಗಲ್ಲ. ಮಗು ಬಾಗಿಲೊಳಗೆ ಬಂದ ನಿಮಿಷ, ಬಾಗಿಲು ದಾಟಿ ಹೋದ ನಿಮಿಷ ಎರಡೂ ಬೇಕು. ಇದರ ಕಾರಣ ಮಕ್ಕಳ ಸಂಖ್ಯಾಮಿತಿಯಲ್ಲಿದೆ. ಶಿಶುಪಾಲಕಿಯೊಬ್ಬಳು ಒಂದು ಹೊತ್ತಿನಲ್ಲಿ ಎಂಟು ವರ್ಷದೊಳಗಿನ ಆರು ಮಕ್ಕಳನ್ನು ಮಾತ್ರ ನೋಡಿಕೊಳ್ಳಬಹುದು. ಆ ಆರರಲ್ಲಿ ಸುಮಾರು ಐದು ವರ್ಷದೊಳಗಿನವರು ಮೂವರನ್ನು ಮೀರಬಾರದು. ಅವರಲ್ಲೂ ಒಂದು ವರ್ಷ ತುಂಬದ ಕೂಸು ಒಂದೇ ಇರಬೇಕು. ಅವಳ ಸ್ವಂತ ಮಕ್ಕಳೂ ಈ ಎಣಿಕೆಯೊಳಗೇ ಬರುತ್ತಾರೆ. ಒಡಹುಟ್ಟಿದವರನ್ನು ಒಟ್ಟಿಗೆ ಇರಿಸುವುದು ಮೊದಲಾದ ಕೆಲವು ಸಂದರ್ಭಗಳಲ್ಲಿ ವಿನಾಯಿತಿ ಉಂಟು.

ಇಪ್ಪತ್ತು ನಿಮಿಷದ ಪ್ರಶ್ನೆ

ಒಂದು ಕಾಲ್ಪನಿಕ ದಿನವನ್ನು ತೆಗೆದುಕೊಳ್ಳೋಣ. ಶಿಶುಪಾಲಕಿಯ ಮನೆಯಲ್ಲಿ ಬೆಳಗಿನಿಂದ ಮೂವರು ಪುಟ್ಟ ಮಕ್ಕಳಿದ್ದಾರೆ. ಅವರಲ್ಲಿ ಒಬ್ಬನು ಮಧ್ಯಾಹ್ನ 1 ಗಂಟೆಗೆ ಹೊರಡಬೇಕು. ಅದೇ 1 ಗಂಟೆಗೆ ಇನ್ನೊಂದು ಪುಟ್ಟ ಮಗು ಬರಬೇಕು. ಒಪ್ಪಂದದ ಪ್ರಕಾರ ಎಲ್ಲವೂ ಸರಿ. ಆ ದಿನ ಮೊದಲನೆಯ ಮಗುವಿನ ತಾಯಿ ಸಂಚಾರ ದಟ್ಟಣೆಯಲ್ಲಿ ಸಿಕ್ಕಿ 1.20ಕ್ಕೆ ತಲುಪುತ್ತಾಳೆ. ಎರಡನೆಯ ಮಗುವಿನ ತಂದೆ ಸರಿಯಾಗಿ 1 ಗಂಟೆಗೆ ಮಗುವನ್ನು ಬಿಟ್ಟು ಕೆಲಸಕ್ಕೆ ಓಡುತ್ತಾನೆ. ಇಪ್ಪತ್ತು ನಿಮಿಷಗಳ ಕಾಲ ಮನೆಯಲ್ಲಿ ನಾಲ್ವರು ಪುಟ್ಟ ಮಕ್ಕಳಿದ್ದಾರೆ. ಮಿತಿ ಮೂವರದು.

ಈಗ ಪುಸ್ತಕದಲ್ಲಿ ಏನನ್ನು ಬರೆಯಬೇಕು? 1.00 ಎಂದು ಬರೆದರೆ ಪುಟ ಸ್ವಚ್ಛವಾಗಿ ಕಾಣುತ್ತದೆ. 1.20 ಎಂದು ಬರೆದರೆ ತನ್ನ ಕೈಯಿಂದಲೇ ತನ್ನ ತಪ್ಪನ್ನು ದಾಖಲಿಸಿದಂತಾಗುತ್ತದೆ. ಪರವಾನಗಿಯ ಮೇಲೆ ಹೊಟ್ಟೆಪಾಡು ನಡೆಸುವವಳಿಗೆ ಇದು ಸಣ್ಣ ಪ್ರಲೋಭನೆಯಲ್ಲ. ಆಫ್‌ಸ್ಟೆಡ್‌ಗೆ ನೋಂದಣಿಯನ್ನು ಒಮ್ಮೆಗೆ ಆರು ವಾರಗಳ ಕಾಲ ಅಮಾನತಿನಲ್ಲಿಡುವ ಅಧಿಕಾರವಿದೆ. ಆರು ವಾರ ಬಾಗಿಲು ಮುಚ್ಚಿದ ಶಿಶುಪಾಲಕಿಯ ಬಳಿಗೆ ಪೋಷಕರು ಮರಳಿ ಬರುವರೆಂಬ ಭರವಸೆ ಇಲ್ಲ.

ಆದರೂ 1.20 ಎಂದೇ ಬರೆಯಬೇಕು. ಕಾರಣವನ್ನೂ, ತಾಯಿ ದೂರವಾಣಿ ಮಾಡಿ ತಿಳಿಸಿದ ಸಮಯವನ್ನೂ ಪಕ್ಕದಲ್ಲೇ ಬರೆಯಬೇಕು. ಇದು ನೀತಿಬೋಧೆಯಲ್ಲ, ಲೆಕ್ಕಾಚಾರ. ಆ ಇಪ್ಪತ್ತು ನಿಮಿಷದಲ್ಲಿ ಒಂದು ಮಗು ಮೆಟ್ಟಿಲಿನಿಂದ ಜಾರಿ ಬಿದ್ದಿತೆಂದು ಇಟ್ಟುಕೊಳ್ಳಿ. ಅಪಘಾತದ ದಾಖಲೆಯಲ್ಲಿ 1.10 ಎಂದಿರುತ್ತದೆ, ತಾಯಿಯ ಫೋನಿನಲ್ಲಿ 1.18ರ ಸಂದೇಶವಿರುತ್ತದೆ, ಹಾಜರಿ ಪುಸ್ತಕದಲ್ಲಿ ಮಾತ್ರ ಆ ಮಗು 1.00ಕ್ಕೇ ಮನೆಗೆ ಹೋಗಿರುತ್ತದೆ. ಆಗ ವಿಮಾ ಕಂಪನಿಯಾಗಲಿ ತಪಾಸಣಾಧಿಕಾರಿಯಾಗಲಿ ಆ ಪುಸ್ತಕದ ಒಂದು ಸಾಲನ್ನಲ್ಲ, ಇಡೀ ಪುಸ್ತಕವನ್ನೇ ನಂಬುವುದಿಲ್ಲ. ಅಪರೂಪಕ್ಕೊಮ್ಮೆ ಕಾರಣಸಹಿತ ದಾಖಲಾದ ವಿಳಂಬಕ್ಕೆ ವಿವರಣೆ ಕೊಡಬಹುದು. ತಿದ್ದಿದ ವೇಳೆಗೆ ವಿವರಣೆ ಇಲ್ಲ. ಇನ್ನು ಅದೇ ತಾಯಿ ವಾರಕ್ಕೆರಡು ಬಾರಿ ತಡವಾಗಿ ಬರುತ್ತಿದ್ದರೆ ಅದನ್ನು ತೋರಿಸಿಕೊಡುವುದೂ ಆ ಪುಸ್ತಕವೇ. ಎರಡನೆಯ ಮಗುವಿನ ವೇಳೆಯನ್ನು 1.30ಕ್ಕೆ ಬದಲಿಸಬೇಕೆಂಬ ನಿರ್ಧಾರಕ್ಕೆ ಆಧಾರ ಬೇರೆಲ್ಲೂ ಸಿಗುವುದಿಲ್ಲ.

ಗೈರುಹಾಜರಿಯ ವಿಷಯದಲ್ಲಿ 2025ರ ಸೆಪ್ಟೆಂಬರಿನಿಂದ ನಿಯಮಗಳು ಬಿಗಿಯಾಗಿವೆ. ಸೂಚನೆ ಇಲ್ಲದೆ ಮಗು ಬಾರದಿದ್ದರೆ, ಅಥವಾ ಬಹುದಿನ ಬಾರದಿದ್ದರೆ, ಶಿಶುಪಾಲಕಿಯು ಸುಮ್ಮನೆ ಖಾಲಿ ಚೌಕ ಬಿಡುವಂತಿಲ್ಲ. ಪೋಷಕರನ್ನು ಸಂಪರ್ಕಿಸಬೇಕು, ಅವರು ಸಿಗದಿದ್ದರೆ ತುರ್ತು ಸಂಪರ್ಕಕ್ಕೆ ಕೊಟ್ಟವರನ್ನು ಕೇಳಬೇಕು. ಮನೆಯಲ್ಲಿ ತೊಂದರೆಗೆ ಸಿಕ್ಕ ಮಗುವಿನ ಮೊದಲ ಸುಳಿವು ಕೆಲವೊಮ್ಮೆ ಗೈರುಹಾಜರಿಯೇ ಆಗಿರುತ್ತದೆ. ಬೆಂಕಿ ಹೊತ್ತಿದಾಗ ಹೊರಗೆ ಎಳೆದು ತಂದ ಮಕ್ಕಳ ತಲೆ ಎಣಿಸಲು ಬೇಕಾಗುವುದೂ ಆ ಪುಸ್ತಕವೇ. ಸಂಜೆ ಕುಳಿತು ಬರೆಯುವ ಹಾಜರಿಯಿಂದ ಈ ಎರಡು ಕೆಲಸಗಳೂ ಆಗಲಾರವು.

ಬಿಲ್ಲು ಬರೆಯುವಾಗ

ಈ ವೃತ್ತಿಗೆ ಹೊಸದಾಗಿ ಬಂದವರು ಮಾಡುವ ಒಂದು ತಪ್ಪು ಹಾಜರಿಯನ್ನೇ ನೋಡಿ ಬಿಲ್ಲು ಬರೆಯುವುದು. ಶುಲ್ಕವು ಒಪ್ಪಂದದ ಗಂಟೆಗಳ ಮೇಲೆ ನಿಲ್ಲುತ್ತದೆ. ಮಗು ಜ್ವರದಿಂದ ಎರಡು ದಿನ ಬಾರದಿದ್ದರೂ ಆ ಸ್ಥಳವನ್ನು ಬೇರೆ ಮಗುವಿಗೆ ಕೊಡಲಾಗದಿದ್ದುದರಿಂದ ಒಪ್ಪಂದದಲ್ಲಿದ್ದರೆ ಹಣ ಸಲ್ಲುತ್ತದೆ. ಬಾಡಿಗೆಗೆ ಕೊಟ್ಟ ಗೋದಾಮು ಖಾಲಿ ಇದ್ದರೂ ಬಾಡಿಗೆ ನಿಲ್ಲುವುದಿಲ್ಲ ಎಂಬಂತೆ. ಆದುದರಿಂದ ಪುಸ್ತಕದಲ್ಲಿ ಒಪ್ಪಿದ ವೇಳೆಗೆ ಒಂದು ಅಂಕಣ, ನಿಜವಾದ ವೇಳೆಗೆ ಇನ್ನೊಂದು ಅಂಕಣ ಇರಬೇಕು. ಎರಡರ ವ್ಯತ್ಯಾಸದಲ್ಲಿಯೇ ಹಣವಿದೆ.

ಉದಾಹರಣೆಗೆ, ಗಂಟೆಗೆ 6 ಪೌಂಡ್ ದರದಲ್ಲಿ, ವಾರಕ್ಕೆ ಮೂರು ದಿನ, ಬೆಳಗ್ಗೆ 8ರಿಂದ ಸಂಜೆ 5ರವರೆಗೆ ಒಂದು ಮಗು ಬರುತ್ತದೆಂದು ಭಾವಿಸೋಣ. ವಾರಕ್ಕೆ 27 ಗಂಟೆ, 162 ಪೌಂಡ್. ಪೋಷಕರು ಮೂರೂ ದಿನ 5.20ಕ್ಕೆ ಬರುತ್ತಾರೆ. ಬಾಗಿಲಲ್ಲಿ ನಿಂತು 'ಕ್ಷಮಿಸಿ' ಎನ್ನುತ್ತಾರೆ, ಇವಳು 'ಪರವಾಗಿಲ್ಲ' ಎನ್ನುತ್ತಾಳೆ. ವಾರಕ್ಕೆ ಒಂದು ಗಂಟೆ ಹೋಯಿತು. ವರ್ಷದಲ್ಲಿ 46 ವಾರವೆಂದರೆ 276 ಪೌಂಡ್. ಒಂದೂವರೆ ವಾರಕ್ಕೂ ಮಿಕ್ಕ ದುಡಿಮೆ ಬಾಗಿಲಲ್ಲೇ ಸೋರಿಹೋಯಿತು. ಬರೆದಿಡದಿದ್ದರೆ ಆ ಸೋರಿಕೆ ಅವಳಿಗೇ ಕಾಣುವುದಿಲ್ಲ, ಕಂಡರೂ ಕೇಳಲು ಆಧಾರವಿಲ್ಲ.

ಇದರ ಮೇಲೆ ಸರ್ಕಾರದ ಹಣ ಬರುತ್ತದೆ. ಮೂರು, ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ವರ್ಷಕ್ಕೆ 570 ಗಂಟೆಗಳ, ಅಂದರೆ 38 ವಾರ ವಾರಕ್ಕೆ 15 ಗಂಟೆಗಳ, ಉಚಿತ ಪಾಲನೆ ಇಂಗ್ಲೆಂಡಿನಲ್ಲಿದೆ. ಅರ್ಹ ಉದ್ಯೋಗಸ್ಥ ಪೋಷಕರಿಗೆ 2017ರಿಂದ ಇದು 1,140 ಗಂಟೆಯಾಯಿತು. 2025ರ ಸೆಪ್ಟೆಂಬರಿನಿಂದ ಒಂಬತ್ತು ತಿಂಗಳ ಕೂಸಿನಿಂದಲೇ ಆ 1,140 ಗಂಟೆ ದೊರೆಯುತ್ತಿದೆ. ಹಣವನ್ನು ಸ್ಥಳೀಯ ಆಡಳಿತವು ತನ್ನದೇ ದರದಲ್ಲಿ ಶಿಶುಪಾಲಕಿಗೆ ಪಾವತಿ ಮಾಡುತ್ತದೆ. ಆ ದರ ಅವಳ ದರಕ್ಕಿಂತ ಕಡಿಮೆಯಿದ್ದರೆ ಅಂತರವನ್ನು ಪೋಷಕರಿಂದ ವಸೂಲು ಮಾಡುವಂತಿಲ್ಲ.

ಮೇಲಿನ ಮಗುವಿಗೆ 1,140 ಗಂಟೆಗಳನ್ನು 50 ವಾರಕ್ಕೆ ಹಂಚಿದರೆ ವಾರಕ್ಕೆ 22.8 ಗಂಟೆ. ಉಳಿದ 4.2 ಗಂಟೆಗೆ ಪೋಷಕರು 25.20 ಪೌಂಡ್ ಕೊಡಬೇಕು. ಒಂದೇ ಮಗುವಿನ ಒಂದೇ ವಾರದಲ್ಲಿ ಎರಡು ಗಿರಾಕಿಗಳು, ಎರಡು ದರಗಳು. ಇದರ ಜೊತೆಗೆ ಊಟದ ಖರ್ಚು ಬೇರೆ. ಇವೆಲ್ಲವನ್ನೂ ಬಿಲ್ಲಿನಲ್ಲಿ ಬೇರೆ ಬೇರೆ ಸಾಲುಗಳಲ್ಲಿ ತೋರಿಸಬೇಕೆಂಬುದು ಸರ್ಕಾರದ ಮಾರ್ಗಸೂಚಿ. ಸ್ಥಳೀಯ ಆಡಳಿತದ ಲೆಕ್ಕ ತಪಾಸಕರು ಬಂದಾಗ ಕೇಳುವ ಕಾಗದಗಳಲ್ಲಿ ಪೋಷಕರು ಸಹಿ ಮಾಡಿದ ಘೋಷಣಾಪತ್ರ, ಹಾಜರಿ ಪುಸ್ತಕ, ಬಿಲ್ಲಿನ ಪ್ರತಿ ಇವು ಮುಖ್ಯ. ಮೂರೂ ಒಂದಕ್ಕೊಂದು ತಾಳೆಯಾಗದಿದ್ದರೆ ಪಡೆದ ಹಣವನ್ನು ಹಿಂದಿರುಗಿಸಬೇಕಾದೀತು. ಸಹಾಯಧನ ಪಡೆದ ನಮ್ಮ ಸಣ್ಣ ಉದ್ದಿಮೆದಾರರಿಗೆ ಈ ಭಯವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ.

ಮಗುವಿನ ಗಂಟೆ, ಗಡಿಯಾರದ ಗಂಟೆ

ತೆರಿಗೆಯ ವಿಷಯಕ್ಕೆ ಬಂದಾಗ ಅದೇ ಪುಸ್ತಕವನ್ನು ಬೇರೆ ರೀತಿಯಲ್ಲಿ ಓದಬೇಕು. ಮನೆಯೇ ಕಾರ್ಯಸ್ಥಳವಾದ್ದರಿಂದ ವಿದ್ಯುತ್ತು, ಅನಿಲ, ಬಾಡಿಗೆ, ನೀರಿನ ಖರ್ಚುಗಳಲ್ಲಿ ವೃತ್ತಿಯ ಪಾಲೆಷ್ಟು, ಸಂಸಾರದ ಪಾಲೆಷ್ಟು ಎಂಬುದು ಪ್ರಶ್ನೆ. ಬ್ರಿಟನ್ನಿನ ತೆರಿಗೆ ಇಲಾಖೆಯು ಶಿಶುಪಾಲಕರ ಸಂಘದೊಡನೆ ಬಹಳ ಹಿಂದೆಯೇ ಮಾಡಿಕೊಂಡ ಒಪ್ಪಂದವೊಂದಿದ್ದು, 2025-26ರ ತೆರಿಗೆ ವರ್ಷದವರೆಗೆ ನಡೆದುಬಂದ ಕ್ರಮದಲ್ಲಿ ವಾರಕ್ಕೆ 40 ಗಂಟೆ ಕೆಲಸ ಮಾಡುವವರು ಬೆಳಕು ಮತ್ತು ಶಾಖದ ಖರ್ಚಿನ ಶೇ. 33ರಷ್ಟನ್ನು, ಬಾಡಿಗೆ, ನೀರು, ಕೌನ್ಸಿಲ್ ತೆರಿಗೆಗಳ ಶೇ. 10ರಷ್ಟನ್ನು ಕಳೆಯಬಹುದಿತ್ತು. ಗಂಟೆಗಳು ಕಡಿಮೆಯಾದಂತೆ ಶೇಕಡಾವಾರು ಇಳಿಯುತ್ತದೆ. ಮನೆಯ ಪೀಠೋಪಕರಣಗಳ ಸವೆತಕ್ಕೆ ಆದಾಯದ ಶೇ. 10ರಷ್ಟು ಪ್ರತ್ಯೇಕ. ವರ್ಷದ ಶಾಖದ ಬಿಲ್ಲು 2,400 ಪೌಂಡ್ ಎಂದಾದರೆ ಪೂರ್ಣಾವಧಿಯವಳು ಕಳೆಯುವುದು 792 ಪೌಂಡ್.

ಇಲ್ಲಿ ಎಡವುವವರು ಉಂಟು. ಮೂವರು ಮಕ್ಕಳು ಒಟ್ಟಿಗೆ 9 ಗಂಟೆ ಇದ್ದರೆ ಬಿಲ್ಲಿಗೆ ಅದು 27 ಗಂಟೆ. ಖರ್ಚಿನ ಪಾಲಿಗೆ ಅದು 9 ಗಂಟೆ ಮಾತ್ರ. ಮೊದಲನೆಯದು ಮಗುವಿನ ಗಂಟೆ, ಎರಡನೆಯದು ಗಡಿಯಾರದ ಗಂಟೆ. ಮೊದಲ ಮಗು ಒಳಬಂದ ವೇಳೆಯಿಂದ ಕೊನೆಯ ಮಗು ಹೊರಟ ವೇಳೆಯವರೆಗಿನ ಅವಧಿಯನ್ನು ಪ್ರತಿ ಪುಟದ ಅಡಿಯಲ್ಲಿ ಅಂದೇ ಬರೆದಿಟ್ಟರೆ ವರ್ಷಾಂತ್ಯದ ಕೆಲಸ ಅರ್ಧ ಮುಗಿದಂತೆ. ನಮ್ಮಲ್ಲಿ ಯಂತ್ರದ ಗಂಟೆಯನ್ನೂ ಆಳಿನ ಗಂಟೆಯನ್ನೂ ಬೇರೆ ಬೇರೆ ಬರೆದುಕೊಳ್ಳುವ ಕಾರ್ಖಾನೆದಾರರಿಗೆ ಇದು ಕೂಡಲೇ ಅರ್ಥವಾಗುವ ಮಾತು.

2026ರ ಏಪ್ರಿಲ್ 6ರಿಂದ ವಾರ್ಷಿಕ 50,000 ಪೌಂಡಿಗಿಂತ ಹೆಚ್ಚಿನ ಒಟ್ಟು ಆದಾಯವಿರುವ ಸ್ವಉದ್ಯೋಗಿಗಳು ಲೆಕ್ಕವನ್ನು ಡಿಜಿಟಲ್ ರೂಪದಲ್ಲಿಟ್ಟು ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕೆಂಬ ನಿಯಮ ಅಲ್ಲಿ ಬಂದಿದೆ. ಮುಂದಿನ ವರ್ಷಗಳಲ್ಲಿ ಆ ಮಿತಿಯನ್ನು 30,000ಕ್ಕೆ, ಅನಂತರ 20,000ಕ್ಕೆ ಇಳಿಸಲಾಗುವುದೆಂದು ಘೋಷಿಸಲಾಗಿದೆ. ಪುಸ್ತಕವನ್ನು ವರ್ಷಕ್ಕೊಮ್ಮೆ ಕಪಾಟಿನಿಂದ ತೆಗೆಯುವ ಕಾಲ ಮುಗಿಯುತ್ತಿದೆ.

ಎರಡು ಕೈಗಳ ಬರಹ

ಗೋದಾಮಿಗೆ ಸರಕು ಬಂದಾಗ ಲಾರಿ ಚಾಲಕನ ಸಹಿಯನ್ನು ಪಡೆಯುವುದೇಕೆಂದು ಯಾವ ವರ್ತಕನೂ ಕೇಳುವುದಿಲ್ಲ. ಶಿಶುಪಾಲಕಿಯ ಬಾಗಿಲಲ್ಲಿಯೂ ಅದೇ ತತ್ತ್ವ. ಪೋಷಕರ ಸಹಿಯನ್ನು ಕಾನೂನು ಕಡ್ಡಾಯ ಮಾಡಿಲ್ಲವಾದರೂ, ಬಿಟ್ಟಾಗ ಮತ್ತು ಕರೆದೊಯ್ಯುವಾಗ ಅವರೇ ವೇಳೆ ಬರೆದು ಕಿರುಸಹಿ ಹಾಕುವ ಪದ್ಧತಿ ಉತ್ತಮ. ತಿಂಗಳ ಕೊನೆಯಲ್ಲಿ ಬಿಲ್ಲಿನ ಬಗ್ಗೆ ತಕರಾರು ಬಂದರೆ ಆ ಸಹಿಯನ್ನು ತೋರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮಗುವನ್ನು ಕರೆದೊಯ್ಯಲು ಅಂದು ಬಂದವರು ಯಾರೆಂಬುದೂ ಇದರಿಂದ ದಾಖಲಾಗುತ್ತದೆ. ಬೇರ್ಪಟ್ಟ ತಂದೆತಾಯಿಯರ ಮಕ್ಕಳ ವಿಷಯದಲ್ಲಿ ಈ ಒಂದು ಸಾಲಿಗೆ ಇರುವ ಬೆಲೆ ಅಷ್ಟಿಷ್ಟಲ್ಲ.

ತಪ್ಪು ಬರೆದರೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಬಿಳಿ ಬಣ್ಣ ಬಳಿದು ಮುಚ್ಚುವುದಾಗಲಿ ಹಾಳೆ ಹರಿಯುವುದಾಗಲಿ ಕೂಡದು. ತಂತ್ರಾಂಶ ಬಳಸುವವರು ಅದು ತಿದ್ದುಪಡಿಯ ಇತಿಹಾಸವನ್ನು ಉಳಿಸಿಕೊಳ್ಳುವುದೇ ಎಂದು ಮೊದಲೇ ವಿಚಾರಿಸಬೇಕು. 2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕೆಂದು ನಿಯಮ ಮಾಡಿರುವುದರ ಹಿಂದೆ ಇರುವ ಆಲೋಚನೆಯೂ ಇದೇ.

ಕರ್ನಾಟಕದಲ್ಲಿ

ಕರ್ನಾಟಕದ ನಗರಗಳಲ್ಲಿಯೂ ಮನೆಯಲ್ಲೇ ಡೇ ಕೇರ್ ನಡೆಸುವ ಮಹಿಳೆಯರಿದ್ದಾರೆ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಗೃಹದ ಸೌಲಭ್ಯ ಒದಗಿಸಬೇಕೆಂದು ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿ ವಿಧಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಆ ಬಾಧ್ಯತೆ ಮುಂದುವರಿದಿದೆ. ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರುವ ಹಕ್ಕೂ ಉಂಟು. ಐವತ್ತನ್ನು ಮುಟ್ಟದ ಘಟಕವೊಂದು ತನ್ನ ಕುಶಲ ಮಹಿಳಾ ನೌಕರರನ್ನು ಉಳಿಸಿಕೊಳ್ಳಲು ನೆರೆಯ ಡೇ ಕೇರ್‌ಗೆ ಹಣ ಕೊಡಲು ಮುಂದಾದರೆ, ಆ ಪಾವತಿಗೆ ಆಧಾರವಾಗಿ ಕೇಳಬೇಕಾದ ಕಾಗದ ಬಿಲ್ಲೊಂದೇ ಅಲ್ಲ. ವೇಳೆ ನಮೂದಿಸಿದ, ತಾಯಿ ಸಹಿ ಮಾಡಿದ ಹಾಜರಿ ಪಟ್ಟಿಯ ಪ್ರತಿಯನ್ನೂ ಕೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೆಯ ಕಲಮು, ಹಿಂದಿನ ಸಾಕ್ಷ್ಯ ಕಾಯಿದೆಯ 34ನೆಯ ಕಲಮಿನಂತೆಯೇ, ವ್ಯವಹಾರದ ಕ್ರಮದಲ್ಲಿ ನಿಯತವಾಗಿ ಇಟ್ಟ ಲೆಕ್ಕಪುಸ್ತಕದ ನಮೂದುಗಳನ್ನು ಸುಸಂಗತವೆಂದು ಒಪ್ಪುತ್ತದೆ. ಆದರೆ ಆ ನಮೂದು ಒಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದೆಂದೂ ಹೇಳುತ್ತದೆ. ಲೆಕ್ಕಪುಸ್ತಕದ ಸ್ಥಿತಿಯೇ ಹೀಗಿರುವಾಗ ಎರಡನೆಯವರ ಸಹಿಯ ಅಗತ್ಯವನ್ನು ಬೇರೆ ಹೇಳಬೇಕಾಗಿಲ್ಲ.

ಎಷ್ಟು ವರ್ಷ ಇಡಬೇಕು?

ಇಂಗ್ಲೆಂಡಿನ ಶಿಶುಪಾಲಕಿಗೆ ಇದಕ್ಕೆ ಒಂದೇ ಉತ್ತರವಿಲ್ಲ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ದಾಖಲೆಯನ್ನು ಮಗು ಬಿಟ್ಟುಹೋದ ಮೇಲೆ ಎರಡು ವರ್ಷ ಇಟ್ಟರೆ ನೋಂದಣಿಯ ನಿಯಮ ತೃಪ್ತವಾಗುತ್ತದೆ. ಪುಟ್ಟ ಮಕ್ಕಳ ವಿಷಯದಲ್ಲಿ 'ಸಮಂಜಸ ಅವಧಿ' ಎಂದಷ್ಟೇ ಹೇಳಲಾಗಿದೆ. ತೆರಿಗೆಗಾಗಿ ಆ ವರ್ಷದ ವಿವರ ಸಲ್ಲಿಸಬೇಕಾದ ಜನವರಿ 31ರಿಂದ ಐದು ವರ್ಷ ಇಡಬೇಕು. ಗಾಯಗೊಂಡ ಮಗುವಿನ ಪರಿಹಾರದ ದಾವೆಗೆ ಕಾಲಮಿತಿಯ ಎಣಿಕೆ ಆ ಮಗುವಿಗೆ 18 ತುಂಬಿದ ಮೇಲೆ ಆರಂಭವಾಗಿ ಮೂರು ವರ್ಷ ನಡೆಯುವುದರಿಂದ, ಅಪಘಾತದ ದಾಖಲೆಯನ್ನೂ ಆ ದಿನದ ಹಾಜರಿ ಪುಟವನ್ನೂ ಮಗುವಿಗೆ 21 ವರ್ಷ ದಾಟುವವರೆಗೆ ಇಡುವುದು ವಿವೇಕ. ಹಾಗೆಂದು ಎಲ್ಲವನ್ನೂ ಶಾಶ್ವತವಾಗಿ ಇಟ್ಟುಕೊಳ್ಳುವುದಕ್ಕೆ ದತ್ತಾಂಶ ರಕ್ಷಣೆಯ ಕಾನೂನು ಅಡ್ಡಬರುತ್ತದೆ. ಆದ್ದರಿಂದ ಅಪಘಾತ ನಡೆದ ದಿನಗಳ ಪುಟಗಳ ಪ್ರತಿಯನ್ನು ತೆಗೆದು ಅಪಘಾತದ ವರದಿಯ ಜೊತೆಗೇ ಒಂದು ಲಕೋಟೆಯಲ್ಲಿಟ್ಟು, ಲಕೋಟೆಯ ಮೇಲೆ ನಾಶಪಡಿಸಬೇಕಾದ ವರ್ಷವನ್ನು ಬರೆದು, ಉಳಿದ ಪುಸ್ತಕವನ್ನು ತೆರಿಗೆಯ ಅವಧಿ ಮುಗಿದ ಕೂಡಲೇ ಹರಿದುಹಾಕುವುದು ಅನುಕೂಲಕರ ಕ್ರಮ.